ಕೆಂಪು ಚುಕ್ಕೆಯ ಲೋಟ

ನನ್ನ ಸ್ಟೀಲ್ ಲೋಟದ ತಳದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕೆಯಿದೆ. ಇಟ್ಟವಳು ನಾನೇ. ಗುಟ್ಟು ಕಾಪಾಡುವುದರಲ್ಲಿ ನನ್ನಷ್ಟು ಗಟ್ಟಿಗರು ಇಡೀ ಶಿಡ್ಲಘಟ್ಟದಲ್ಲಿ ಇಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಅಂಥ ಗುಟ್ಟು ಒಂದು ದಿನ ಸಿಹಿಸುದ್ದಿಯಾಗಿಬಿಟ್ಟರೆ ಏನು ಗತಿ ಎಂದು ಮಾತ್ರ ಯೋಚಿಸಿರಲಿಲ್ಲ.

ಓದುವ ದಿನಗಳಲ್ಲಿ ಒಮ್ಮೆ ರಕ್ತದಾನಕ್ಕೆಂದು ಉತ್ಸಾಹದಿಂದ ತೋಳು ಚಾಚಿದ್ದೆ. ನಿಮ್ಮ ರಕ್ತ ಬೇಡವೆಂದರು. ಹೆಪಟೈಟಿಸ್ ಬಿ ಇದೆಯಂತೆ, ಬಹುಕಾಲದಿಂದ ಯಕೃತ್ತಿನಲ್ಲಿ ಬಿಡಾರ ಹೂಡಿದೆಯಂತೆ. ನಾನು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ನನ್ನೊಡನಿರುವ ದೊಡ್ಡಮ್ಮನಿಗೆ "ಕಾಮಾಲೆ ಬರದೇ ಇರೋದಕ್ಕೆ" ಎಂದಷ್ಟೇ ಹೇಳಿ ಪರೀಕ್ಷೆ ಮಾಡಿಸಿ, ಲಸಿಕೆಯನ್ನೂ ಹಾಕಿಸಿದೆ. ಊರಿನ ಡಾಕ್ಟರ ಹತ್ತಿರ ಹೋದರೆ ನನಗಿಂತ ಮೊದಲು ಸುದ್ದಿ ಮನೆ ಸೇರುತ್ತದೆಂದು ಚಿಂತಾಮಣಿಯ ಡಾಕ್ಟರನ್ನು ಹಿಡಿದೆ. ಲೋಟದಿಂದ ಈ ರೋಗ ಹರಡುವುದಿಲ್ಲ ಎಂದು ಪಿಯುಸಿ ಮಕ್ಕಳಿಗೆ ವರ್ಷವರ್ಷವೂ ಪಾಠ ಮಾಡುವ ಜೀವಶಾಸ್ತ್ರದ ಮೇಡಂ ನಾನೇ. ಮಕ್ಕಳು ನಂಬುತ್ತಾರೆ. ನಾನು ಮಾತ್ರ ಮನೆಗೆ ಬಂದು, ಚುಕ್ಕೆ ನೋಡಿಕೊಂಡು ಲೋಟ ಎತ್ತಿಕೊಳ್ಳುತ್ತಿದ್ದೆ.

ಈ ವೈರಸ್ಸಿನ ಚಾಳಿ ವಿಚಿತ್ರ. ನಮ್ಮ ಕಾವಲು ಕೋಶಗಳನ್ನು ಅದು ದಣಿಸಿ ಕೂರಿಸಿಬಿಡುತ್ತದೆ. ಟಿ ಕೋಶಕ್ಕೆ ಶತ್ರುವಿನ ಗುರುತು ಸಿಗುತ್ತದೆ, ಕೈ ಮಾತ್ರ ಏಳುವುದಿಲ್ಲ. ಊಟವಾದ ಮೇಲಿನ ನಮ್ಮ ಸ್ಟಾಫ್ ರೂಮಿನ ಹಾಗೆ: ಬೆಲ್ ಹೊಡೆದದ್ದು ಎಲ್ಲರಿಗೂ ಕೇಳಿಸಿರುತ್ತದೆ, ಏಳುವವರಿಲ್ಲ. ನನ್ನವೂ ಹಾಗೇ ಕೂತಿವೆ ಎಂದುಕೊಂಡಿದ್ದೆ. ಮೊನ್ನೆ ಡಾಕ್ಟರು ಕನ್ನಡಕ ತೆಗೆದು ನಕ್ಕರು.

"ಎರಡನೇ ಸಲದ ಪರೀಕ್ಷೇನೂ ಅದನ್ನೇ ಹೇಳ್ತಿದೆ ನೋಡಮ್ಮ. ವೈರಸ್ಸಿನ ಮೇಲ್ಮೈ ಪ್ರೋಟೀನು ರಕ್ತದಲ್ಲಿ ಇಲ್ಲ, ಅದರ ವಿರುದ್ಧ ಪ್ರತಿಕಾಯ ಬಂದಿದೆ. ಅಪರೂಪಕ್ಕೆ ಹೀಗಾಗುತ್ತೆ. ನಿನ್ನ ಕೋಶಗಳೇ ಮಾಡಿರೋ ಕೆಲಸ ಇದು. ಪೂರ್ತಿ ಹೋಯ್ತು ಅಂತಲ್ಲ, ಲಿವರ್‌ನಲ್ಲಿ ಎಲ್ಲೋ ಮೂಲೇಲಿ ಕೂತಿರುತ್ತೆ. ಆದ್ರೆ ಕಾವಲು ಗಟ್ಟಿಯಾಗಿದೆ. ವರ್ಷಕ್ಕೊಂದ್ಸಲ ಬರ್ತಾ ಇರು."

ಎದ್ದಿವೆ! ನನ್ನ ಸ್ಟಾಫ್ ರೂಮು ಎದ್ದು ಕ್ಲಾಸಿಗೆ ಹೋಗಿದೆ! ಬಸ್ಸಿನಲ್ಲಿ ಪಕ್ಕಕ್ಕೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿನ ಕೈ ಹಿಡಿದು ಹೇಳಿಬಿಡಲೇ ಅನ್ನಿಸಿತು. ಆದರೆ ಗೆದ್ದೆ ಎನ್ನಬೇಕಾದರೆ ಯುದ್ಧ ನಡೆದಿತ್ತೆಂದು ಮೊದಲು ಹೇಳಬೇಕಲ್ಲ! ಬಾಯಿ ಬಿಗಿಹಿಡಿದು ಕೂತೆ. ಇಳಿದವಳೇ ಮೈಸೂರು ಪಾಕ್ ಕಟ್ಟಿಸಿಕೊಂಡೆ.

ಮದುವೆಯಾಗದ ಹುಡುಗಿ ಕಾರಣ ಹೇಳದೆ ಸಿಹಿ ತಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

"ಯಾವೂರಮ್ಮಾ ಹುಡ್ಗ?" ಎಂದಳು ದೊಡ್ಡಮ್ಮ.

"ಹುಡ್ಗ ಅಲ್ಲ ದೊಡ್ಡಮ್ಮ. ನನ್ನ ರಕ್ತದ ಬಿಳಿ ಕಣಗಳು ಗೆದ್ದಿದಾವೆ."

"ಎಲೆಕ್ಷನ್ ಯಾವಾಗಮ್ಮಾ ಆಯ್ತು?"

ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಲ್ಲ. ನನ್ನ ತಟ್ಟೆ ಬೇರೆ ಮಾಡಿಬಿಡುತ್ತಾಳೇನೋ ಎಂಬ ಹೆದರಿಕೆಯೇ ಇಷ್ಟು ವರ್ಷ ಬಾಯಿ ಕಟ್ಟಿತ್ತು. ದೊಡ್ಡಮ್ಮ ಕೈಲಿದ್ದ ಮೈಸೂರು ಪಾಕ್ ಕೆಳಗಿಟ್ಟಳು.

"ಇಷ್ಟು ವರ್ಷ ಒಬ್ಳೇ ಹೊಟ್ಟೇಲಿಟ್ಕೊಂಡಿದ್ಯಾ? ನಾನೇನ್ ಸತ್ತೋಗಿದ್ನಾ?" ಗದರಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ, "ಅದಕ್ಕಾ ಲೋಟಕ್ಕೆ ಬೊಟ್ಟಿಟ್ಟಿದ್ದು?"

"ಹೂಂ."

"ಅಯ್ಯೋ ಪೆದ್ದು ಮುಂಡೇದೆ! ನೀನು ಕಾಲೇಜಿಗೆ ಹೋದ್ಮೇಲೆ ದಿನಾ ನಾನು ಅದ್ರಲ್ಲೇ ಕಾಫಿ ಕುಡಿಯೋದು. ಅದು ಜಾಸ್ತಿ ಹಿಡೀತದೆ. ಬೊಟ್ಟಿದ್ರೆ ಹುಡ್ಕೋಕೆ ಸಲೀಸು ಅಂತ ಸುಮ್ನಿದ್ದೆ."

ಕಾವಲು ಕಾಯುವುದರಲ್ಲಿ ನನಗಿಂತ ನನ್ನ ಕೋಶಗಳೇ ವಾಸಿ. ಚುಕ್ಕೆ ಕೆರೆದು ತೆಗೆಯಲು ಹೋದರೆ ದೊಡ್ಡಮ್ಮ ಲೋಟ ಕಿತ್ತುಕೊಂಡಳು. "ಆಮೇಲೆ ನನ್ ಲೋಟ ಯಾವ್ದು ಅಂತ ಹೆಂಗಮ್ಮಾ ಗೊತ್ತಾಗ್ಬೇಕು?"

ಮರುದಿನ ಬೆಳಿಗ್ಗೆ, ಮಾಸಿದ್ದ ಚುಕ್ಕೆಗೆ ಹೊಸದಾಗಿ ಬಣ್ಣ ಹಚ್ಚಿ, ಒಣಗಿದ ಮೇಲೆ ಲೋಟದ ತುಂಬ ದೊಡ್ಡಮ್ಮನಿಗೆ ಕಾಫಿ ಕೊಟ್ಟೆ. ಉಳಿದದ್ದನ್ನು ಅವಳ ಸಣ್ಣ ಲೋಟಕ್ಕೆ ಬಗ್ಗಿಸಿಕೊಂಡು ನಾನು ಕುಡಿದೆ.