ಅತ್ತೆಯ ರಂಗೋಲಿಯಲ್ಲಿ ಒಂದು ನಲ್ಲಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಸೋದರತ್ತೆಯನ್ನು ಸಮಾಜಕಾರ್ಯ ವಿಭಾಗದ ಮೇಲೆ ಛೂ ಬಿಟ್ಟವನು ನಾನೇ. ಸೀಟು ಸಿಕ್ಕ ಖುಷಿಯಲ್ಲಿ ದೇವರಾಜ ಮೊಹಲ್ಲಾದ ಅವರ ಮನೆಗೆ ಹೋಗಿ, ನನ್ನನ್ನು ಸಂದರ್ಶಿಸಿದ ಮೇಷ್ಟರಂತೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಸಮಾಜ ನಿಮ್ಮನ್ನು ಕಾಯುತ್ತಿದೆ, ನೀವೂ ಅರ್ಜಿ ಹಾಕಿ ಮೇಡಂ" ಎಂದು ಅಣಕಿಸಿದೆ. ಪ್ರೈಮರಿ ಶಾಲೆಯಿಂದ ನಿವೃತ್ತರಾಗಿ, ತಿದ್ದಲು ಯಾರೂ ಸಿಗದೆ ಕಂಗಾಲಾಗಿದ್ದ ಅತ್ತೆ ನಗಲಿಲ್ಲ.

"ವಯಸ್ಸಿನ ಮಿತಿ ಇದ್ಯೇನೋ?" ಎಂದರು.

ಇರಲಿಲ್ಲ. ಇರಬೇಕಿತ್ತು!

ಹೀಗೆ ಅತ್ತೆ ನನ್ನ ಸಹಪಾಠಿಯಾದರು. ಸ್ಕೂಟರ್ ಅವರದು, ಹಿಂದಿನ ಸೀಟು ನನ್ನದು, ನನ್ನ ತೊಡೆಯ ಮೇಲೆ ಅವರ ಟಿಫನ್ ಕ್ಯಾರಿಯರ್. ಇಂಥ ಮೆರವಣಿಗೆಯಲ್ಲಿ ಬಂದಿಳಿಯುವವನನ್ನು ಯಾವ ಹುಡುಗಿ ತಾನೇ ತಿರುಗಿ ನೋಡಿಯಾಳು? ನೋಡುತ್ತಿದ್ದರು, ಅತ್ತೆಯನ್ನು! ಚಿತ್ರಾನ್ನ ಇದ್ದದ್ದು ಅವರ ಹತ್ತಿರ ತಾನೇ.

ಮೊದಲ ದಿನ ಮೇಷ್ಟರು ತರಗತಿಗೆ ಕಾಲಿಟ್ಟದ್ದೇ ತಡ, ಅತ್ತೆ ಎದ್ದು ನಿಂತು ನಮಗೆಲ್ಲ ಕೈಸನ್ನೆ ಮಾಡಿದರು. ಆ ಕೈಯಲ್ಲಿ ಏನು ಮಾಯೆಯಿತ್ತೋ! ಗಡ್ಡ ಬಿಟ್ಟ ಗಂಡಸರೂ ಸೇರಿದಂತೆ ಇಡೀ ತರಗತಿ ಎದ್ದು "ನಮಸ್ತೇ ಗುರುಗಳೇ" ಎಂದು ರಾಗ ಎಳೆಯಿತು. ಪಾಪ, ಮೇಷ್ಟರು ತಮ್ಮ ಬೆನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ತಿರುಗಿ ನೋಡಿದರು.

ಆಪ್ತಸಮಾಲೋಚನೆಯ ಪಾಠ ಬಂತು. ಬಂದವರ ಕಷ್ಟವನ್ನು ಕೇಳಿಸಿಕೊಳ್ಳಬೇಕು, ಉಪದೇಶ ಮಾಡಬಾರದು, ಇದು ನಿಯಮ. ಅಭ್ಯಾಸಕ್ಕೆಂದು ನಾನು ಕುಡುಕನಾದೆ, ಅತ್ತೆ ಸಮಾಲೋಚಕಿಯಾದರು. ನನ್ನ ಕಲೆಯನ್ನೆಲ್ಲ ಧಾರೆಯೆರೆದು ತೂರಾಡುತ್ತ ಬಂದು, "ನನ್ ಯಾರೂ ಅರ್ಥ ಮಾಡ್ಕೊಳಲ್ಲ ಮೇಡಂ" ಎಂದು ಗೋಳಾಡಿದೆ.

"ಬಾಯಿ ತೆಗಿ, ಊದು."

"ಮೇಡಂ, ನನ್ ಕಷ್ಟ..."

"ಮೊದ್ಲು ನೆಟ್ಟಗೆ ಕೂತ್ಕೋ. ಷರ್ಟಿನ ಗುಂಡಿ ಹಾಕು. ನಿಮ್ಮಮ್ಮನ್ನ ಕರ್ಕೊಂಡ್ ಬಾ!"

ಮೇಷ್ಟರು ಮಧ್ಯೆ ಬಂದು, "ಮೇಡಂ, ಉಪದೇಶ ಮಾಡೋ ಹಾಗಿಲ್ಲ" ಎಂದರು.

"ಉಪದೇಶ ಎಲ್ಲಿ ಮಾಡ್ದೆ ಸರ್? ಬೈದೆ ಅಷ್ಟೆ!"

ಇಷ್ಟಾದರೂ ಬೋಗಾದಿಯ ಹಳೇ ಊರಿನ ಬೀದಿಯಲ್ಲಿ ನಡೆಸಿದ ಸಮುದಾಯ ದಿನಕ್ಕೆ ಅತ್ತೆಯನ್ನು ಕರೆದುಕೊಂಡು ಹೋದೆವಲ್ಲ, ನಮ್ಮ ಧೈರ್ಯಕ್ಕೆ ಏನನ್ನಬೇಕು!

ಸುತ್ತಲೂ ಹೊಸ ಬಡಾವಣೆಗಳು ಎದ್ದಿದ್ದರೂ ಆ ಬೀದಿಯ ಕೊನೆಯ ಮನೆಗೆ ಮಾತ್ರ ನಲ್ಲಿ ಬಂದಿರಲಿಲ್ಲ. ಅದು ಜಯಮ್ಮನವರ ಮನೆ. ಕಾಲು ಸ್ವಲ್ಪ ಊನ. ಬೀದಿಯ ಆ ತುದಿಯ ನಲ್ಲಿಯಿಂದ ಬಿಂದಿಗೆ ಹೊತ್ತು ಕುಂಟುತ್ತ ಬರಬೇಕು, ಮನೆ ಮುಟ್ಟುವ ಹೊತ್ತಿಗೆ ಕಾಲು ಭಾಗ ನೀರು ಸೀರೆಯ ಪಾಲು. ಅಂದು ವಾರ್ಡಿನ ಇಂಜಿನಿಯರ್ ಬರುವವರಿದ್ದರು. ಬೀದಿಯ ಹೆಂಗಸರೇ ನೆಲದ ಮೇಲೆ ರಂಗೋಲಿ ಪುಡಿಯಿಂದ ತಮ್ಮ ಬೀದಿಯ ನಕ್ಷೆ ಬರೆಯಬೇಕು, ನಲ್ಲಿ ಇರುವ ಮನೆಯ ಮುಂದೆಲ್ಲ ನೀಲಿ ಚುಕ್ಕಿ ಇಡಬೇಕು, ಯಾವ ಮನೆಗೆ ಇಲ್ಲವೆಂದು ಸಾಹೇಬರಿಗೆ ಕಣ್ಣಿಗೆ ಹೊಡೆದಂತೆ ಕಾಣಬೇಕು, ಇದು ನಮ್ಮ ಏರ್ಪಾಡು. "ನೀವ್ಯಾರೂ ಪುಡಿ ಮುಟ್ಟಕೂಡದು, ನಕ್ಷೆ ಜನರದ್ದು" ಎಂದು ಮೇಷ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಗೆನ್ನುವಾಗ ಅತ್ತೆಯನ್ನೇ ನೋಡಿದ್ದರು.

ಹೆಂಗಸರು ನಗುತ್ತ ಕಿತ್ತಾಡುತ್ತ ಬರೆದರು. ಬೀದಿ ಬಾಳೆಕಾಯಿಯಂತೆ ಬಾಗಿತ್ತು, ಚರಂಡಿ ಸೊಟ್ಟಗಿತ್ತು. ಅತ್ತೆ ಕೈ ಕಟ್ಟಿ ನಿಂತಿದ್ದರು. ಬೆರಳುಗಳು ಮಾತ್ರ ಸೀರೆಯ ಮೇಲೆ ಗೆರೆ ಎಳೆಯುತ್ತಿದ್ದವು. ನಾನು ಅಷ್ಟರಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ, ಹೆಂಗಸರೆಲ್ಲ ಮೂಲೆ ಮನೆಯ ಜಗಲಿಗೆ ಟೀ ಕುಡಿಯಲು ಎದ್ದಾಗ, ಅಲ್ಲಿ ನಾನು ಮೇಷ್ಟರ ಅಣಕು ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಮೇಷ್ಟರೇ ಹೆಚ್ಚು ನಗುತ್ತಿದ್ದರು.

ಹಿಂದಿರುಗಿ ನೋಡಿದರೆ ಬೀದಿ ದಾರ ಹಿಡಿದಂತೆ ನೆಟ್ಟಗಾಗಿದೆ! ಚರಂಡಿಯಲ್ಲಿ ಕಮಲ ಅರಳಿದೆ! ಕಸದ ತೊಟ್ಟಿಯ ಎರಡೂ ಪಕ್ಕ ನವಿಲುಗಳು ನಿಂತಿವೆ! ಎಲ್ಲಕ್ಕಿಂತ ಮಿಗಿಲಾಗಿ, ಜಯಮ್ಮನವರ ಮನೆಯ ಮುಂದೆ ಒಂದು ನೀಲಿ ಚುಕ್ಕಿ!

"ಅತ್ತೇ! ಅಲ್ಲಿ ನಲ್ಲೀನೇ ಇಲ್ವಲ್ಲ!"

"ಎಲ್ರ ಮನೆ ಮುಂದೂ ಇಟ್ಟು ಒಂದು ಮನೆ ಬಿಟ್ಬಿಟ್ರೆ ನೋಡಕ್ಕಾಗತ್ತೇನೋ?"

"ಬಿಟ್ಟಿರೋದನ್ನ ತೋರ್ಸೋಕೇ ಅಲ್ವಾ ಇಷ್ಟೆಲ್ಲ?"

ಮೇಷ್ಟರು ತಲೆಯ ಮೇಲೆ ಕೈ ಹೊತ್ತು ಕೂತರು. ಅಳಿಸೋಣವೆಂದು ನಾನು ಬಗ್ಗುವಷ್ಟರಲ್ಲಿ, ಬಿಂದಿಗೆ ಹೊತ್ತ ಜಯಮ್ಮನವರು ಅಲ್ಲಿ ಬಂದು ನಿಂತರು. ತಮ್ಮ ಮನೆಯನ್ನು ಹುಡುಕಿದರು. ಬಿಂದಿಗೆ ಕೆಳಗಿಟ್ಟು, ಊನವಾದ ಕಾಲನ್ನು ಮಡಿಸಲಾಗದೆ ಪಕ್ಕಕ್ಕೆ ಚಾಚಿ ಕೂತು, ಚುಕ್ಕಿ ಕದಡದಂತೆ ಅದರ ಸುತ್ತ ಬೆರಳಾಡಿಸಿದರು.

"ನಮ್ಮನೆ ಮುಂದ್ಕೂ ಇಟ್ಬುಟ್ಟವ್ರಲ್ಲವ್ವಾ..." ಎಂದು ನಕ್ಕರು.

ಊರಿನವರ ದನಿಯನ್ನೆಲ್ಲ ತೆಗೆಯುವ ನನಗೆ ಆ ನಗುವೊಂದನ್ನು ತೆಗೆಯಲು ಇವತ್ತಿಗೂ ಬಂದಿಲ್ಲ. ಅಳಿಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅತ್ತೆ ಆ ಕಡೆ ನೋಡುತ್ತಲೇ ಇರಲಿಲ್ಲ. ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. ಎಷ್ಟು ಒರೆಸಿದರೂ ಅದು ಒಣಗಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಇಂಜಿನಿಯರ್ ನಕ್ಷೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನವಿಲುಗಳನ್ನು ಮೆಚ್ಚಿ, ಕೊನೆಯ ಮನೆಯ ಹತ್ತಿರ ನಿಂತರು.

"ಎಲ್ಲ ಮನೆಗೂ ನಲ್ಲಿ ಇದ್ಯಲ್ರೀ? ಇಲ್ಲೂ ಇದೆ. ಮತ್ಯಾಕೆ ಕರೆಸಿದ್ರಿ?"

ಮೇಷ್ಟರು ಅತ್ತೆಯ ಕಡೆ ತಿರುಗಿದರು. ಜಯಮ್ಮನವರು ಮೆಲ್ಲಗೆ ಬಿಂದಿಗೆಗೆ ಕೈ ಹಾಕಿದರು.

ಈಗ ಆ ಬೀದಿಗೆ ಹೋದರೆ ಜಯಮ್ಮನವರು ಬಾಗಿಲ ಮುಂದಿನ ನಲ್ಲಿಯಲ್ಲೇ ನೀರು ಹಿಡಿದು ನಮಗೆ ಕಾಫಿ ಕಾಯಿಸಿ ಕೊಡುತ್ತಾರೆ. ಅದು ಬಂದದ್ದು ನಮ್ಮ ಪಾಠದಿಂದಲ್ಲ. ಅಂದು ಅತ್ತೆ ಕನ್ನಡಕ ಏರಿಸಿ, ಕೈಯ ಪುಡಿ ಕೊಡವಿ, ಹೋಂವರ್ಕ್ ಮಾಡದ ಹುಡುಗನನ್ನು ನೋಡುವಂತೆ ಇಂಜಿನಿಯರನ್ನು ನೋಡಿ ಹೇಳಿದ್ದು ಇಷ್ಟೇ:

"ರಂಗೋಲೀಲಿ ನಾನು ಹಾಕ್ಸಿದೀನಿ ಸ್ವಾಮಿ, ಕಬ್ಬಿಣದಲ್ಲಿ ನೀವು ಹಾಕ್ಸಿ."