ಎಡೆಗೆ ಇಟ್ಟ ರೇಡಿಯೊ

ರೇಡಿಯೊ ರಿಪೇರಿಯವನ ಅಂಗಡಿಗೆ ಬದುಕಿರುವವರಿಗಿಂತ ಸತ್ತವರ ಓಡಾಟವೇ ಜಾಸ್ತಿ. ತುರುವೇಕೆರೆಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡು ನಾನು ಕಂಡದ್ದು ಇದನ್ನೇ. ಬದುಕಿರುವವರು ಮಿಕ್ಸಿ ತರುತ್ತಾರೆ, ಟಿ.ವಿ. ರಿಮೋಟು ತರುತ್ತಾರೆ. ರೇಡಿಯೊ ಬಂತೆಂದರೆ ಅದರ ಹಿಂದೆ ತೀರಿಹೋದ ಒಬ್ಬ ಅಪ್ಪನೋ ತಾತನೋ ಇದ್ದೇ ಇರುತ್ತಾರೆ. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ, ಭಯ ಮಾತ್ರ ಇದೆ. ಈ ಸಲ ಪಿತೃಪಕ್ಷದಲ್ಲಿ ಒಂದೇ ಒಂದು ಸೆಟ್ಟು ನನ್ನನ್ನು ಎಷ್ಟು ಸಲ ನಡುಗಿಸಿತು ಎಂದು ಕೇಳಿದರೆ ನೀವೂ ನನ್ನನ್ನು ಹೇಡಿ ಎನ್ನಲಾರಿರಿ.

೧. ಬಸ್ಸಿನಲ್ಲಿ ಬಂದ ಯಜಮಾನ್ರು

ದಬ್ಬೇಘಟ್ಟದ ಕಡೆಯ ಒಬ್ಬ ಅಜ್ಜಿ ಮಗನ ಜೊತೆ ಅಂಗಡಿಗೆ ಬಂದರು. ಎದೆಗೆ ಅವುಚಿಕೊಂಡಿದ್ದ ಬಿಳಿ ಪಂಚೆಯ ಗಂಟನ್ನು ಬಿಚ್ಚಿದರೆ ಒಳಗೆ ಹಳೇ ಸಿ.ಬಿ. ಸೆಟ್ಟು. ಮೈಕಿನ ಗುಂಡಿ ಒತ್ತಿದರೆ ಮಾತಾಡುವುದು, ಬಿಟ್ಟರೆ ಆ ಕಡೆಯವರು ಹೇಳಿದ್ದನ್ನು ಕೇಳುವುದು, ಅಂಥದ್ದು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅಜ್ಜಿಯ ಯಜಮಾನರೂ ಸಂಪಿಗೆ ಊರಿನ ಅವರ ಸ್ನೇಹಿತರೂ ಒಂದೊಂದು ಇಟ್ಟುಕೊಂಡು ತೋಟದ ಮಾತಾಡುತ್ತಿದ್ದರಂತೆ. ಮೊಬೈಲು ಬಂದ ಮೇಲೂ ಬಿಟ್ಟಿರಲಿಲ್ಲ. ಈಗ ಇಬ್ಬರೂ ಇಲ್ಲ.

ಮಗ ಕೂರುತ್ತಲೇ ಗೊಣಗಿದ. "ಬಸ್ಸಲ್ಲಿ ಮಾನ ಹೋಯ್ತು ಸಾರ್. ಕಂಡಕ್ಟರ್ರು, ತೊಡೆ ಮ್ಯಾಲೆ ಏನಮ್ಮ ಅದು, ಕೊಬ್ರಿನಾ ಅಂದ್ರು. ಇವ್ರು, ಅಲ್ಲ ಕಣಪ್ಪ, ನಮ್ಮ ಯಜಮಾನ್ರು ಅಂದ್ಬುಟ್ರು. ನಿಂತ್ಕಳಾಕೂ ಜಾಗ ಇಲ್ದಿದ್ ಬಸ್ಸು, ಮೂರು ಜನದ ಸೀಟಲ್ಲಿ ನಾವಿಬ್ರೇ ಕೂತ್ಕಂಡು ಬಂದ್ವಿ."

ಅವನು ಟೀ ತರಲು ಹೋದ ಕೂಡಲೇ ಅಜ್ಜಿ ನನ್ನ ಹತ್ತಿರಕ್ಕೆ ಸರಿದರು. ಯಜಮಾನರು ಹೋಗಿ ಆರು ವರ್ಷವಾಯಿತು. ಹೋಗುವ ಮೂರು ತಿಂಗಳ ಮುಂಚೆ ಒಂದು ದಿನ ಊಟಕ್ಕೆ ಮೂರು ಸಲ ಕರೆದರೂ ಅವರು ಈ ಡಬ್ಬದ ಮುಂದಿನಿಂದ ಏಳಲಿಲ್ಲ. ಆಮೇಲೆ ಅವರು ತೋಟಕ್ಕೆ ಹೋದಾಗ ಅಜ್ಜಿ ಮುದ್ದೆ ತಿರುವುವ ಕೋಲಿನಿಂದ ಡಬ್ಬಕ್ಕೆ ಒಂದು ಬಿಟ್ಟರು. ಅದರ ಬಾಯಿ ಬಿದ್ದುಹೋಯಿತು. ಕೇಳಿದವರಿಗೆಲ್ಲ, ಸೊಸೆ ಕಸ ಗುಡಿಸುವಾಗ ಬೀಳಿಸಿದಳು ಎಂದರು.

"ಈಗ ಕನಸಲ್ಲಿ ಬತ್ತಾರೆ ಕಣಪ್ಪ. ಮೈಕು ಹಿಡ್ಕಂಡು ನಿಂತ್ಕಂಡು ಡಬ್ಬ ತೋರಿಸ್ತಾರೆ, ಮಾತಿಲ್ಲ. ಅಮಾವಾಸ್ಯೆಗೆ ಎಡೆ ಮುಂದೆ ಇದನ್ನ ಮಡಗ್ಬೇಕು, ಇದು ಬಾಯಿ ಬಿಡ್ಬೇಕು. ಇಲ್ದಿದ್ರೆ ನಂಗೆ ನಿದ್ದೆ ಇಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮಾಡಿಕೊಡ್ತೀನಿ ಅಮ್ಮ ಎಂದು ಮಾತು ಕೊಟ್ಟೆ.

ಮಗ ಬರುವುದು ಕಂಡಿತು. ಅಜ್ಜಿ ಕಣ್ಣೊರೆಸಿಕೊಂಡು ದನಿ ಇಳಿಸಿದರು. "ಸೊಸೆ ವಿಷ್ಯ ಯಾರ ಹತ್ರಾನೂ ಬಾಯಿ ಬಿಡ್ಬ್ಯಾಡ. ಆ ಕೋಲು ಇನ್ನೂ ಮನೇಲೇ ಐತೆ."

೨. ನಾಡಿ

ಕೋಲಿನ ಏಟಿಗೆ ಒಳಗೆ ಎರಡು ಬೆಸುಗೆ ಬಿಟ್ಟಿದ್ದವು, ತಂತಿ ಸುತ್ತಿದ ಒಂದು ಕಾಯಿಲ್ಲಿನ ತಿರುಪು ಸೀಳಿತ್ತು. ಸೆಟ್ಟಿನ ಕೇಳುವ ಭಾಗದಲ್ಲಿ ಇಂಥ ಕಾಯಿಲ್ಲುಗಳು ಸಾಲಾಗಿರುತ್ತವೆ. ಒಂದೊಂದರ ತಲೆಯ ತಿರುಪನ್ನೂ ಕೂದಲೆಳೆಯಷ್ಟು ತಿರುಗಿಸಿ ಎಲ್ಲವೂ ಒಂದೇ ದನಿಗೆ ಕಿವಿಗೊಡುವ ಹಾಗೆ ಕೂರಿಸಬೇಕು. ಇದಕ್ಕೆ ಅಲೈನ್‌ಮೆಂಟ್ ಎನ್ನುತ್ತೇವೆ. ಕಬ್ಬಿಣದ ಸ್ಕ್ರೂ ಡ್ರೈವರ್ ಹತ್ತಿರ ತಂದರೆ ಸಾಕು, ಕಾಯಿಲ್ಲು ದಾರಿ ತಪ್ಪುತ್ತದೆ. ಹಾಗಾಗಿ ನಾನು ತೆಂಗಿನ ಕರಟವನ್ನೇ ಸೀಳಿ, ಹೆರೆದು, ತುದಿ ಚಪ್ಪಟೆ ಮಾಡಿ ಕಡ್ಡಿ ಮಾಡಿಕೊಂಡಿದ್ದೇನೆ. ನಮ್ಮ ಕಡೆ ಕರಟಕ್ಕೇನು ಬರಗಾಲ!

ಬೆಸುಗೆ ಹಾಕಿ, ಸೀಳಿದ ತಿರುಪು ಬದಲಿಸಿ, ಸ್ವಿಚ್ಚು ಒತ್ತಿದೆ. ಸದ್ದಿಲ್ಲ. ಆದರೆ ಗಾಜಿನ ಹಿಂದೆ, ಬರುವ ದನಿಯ ಜೋರು ತೋರಿಸುವ ಮುಳ್ಳು ಇದೆಯಲ್ಲ, ಅದು ಮೆಲ್ಲಗೆ ಎದ್ದಿತು. ಬಿದ್ದಿತು. ಮತ್ತೆ ಎದ್ದಿತು. ಸುತ್ತಮುತ್ತ ಇಂಥ ಸೆಟ್ಟು ಇಟ್ಟವರು ಇನ್ನೊಬ್ಬರಿಲ್ಲ. ಮುಳ್ಳು ಎದ್ದರೆ ಯಾರೋ ಮಾತಾಡುತ್ತಿದ್ದಾರೆಂದು ಅರ್ಥ. ಯಾರು?

"ಯಜಮಾನ್ರೇ," ಎಂದೆ. ಮುಳ್ಳು ಎದ್ದಿತು. "ರಿಪೇರಿಗೆ ತಗೊಂಡಿದೀನಿ ಅಷ್ಟೇ. ಹೊಡ್ದಿದ್ದು ನಾನಲ್ಲ." ಮುಳ್ಳು ಧಡಕ್ಕನೆ ಕೊನೆಯವರೆಗೂ ಹೋಗಿ ಅಲ್ಲೇ ನಡುಗುತ್ತ ನಿಂತಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗೆ ಬಂದೆ.

ಪಕ್ಕದಂಗಡಿಯ ಟೈಲರಮ್ಮ, "ಯಾಕ್ರೀ ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದೀರಿ?" ಎಂದರು. ವಿಷಯ ಹೇಳಿದೆ. ಧೈರ್ಯವಂತೆ, ಎದ್ದು ಬಂದು ನೋಡಿದರು. ಮುಳ್ಳು ಸತ್ತ ಹಾಗೆ ಮಲಗಿತ್ತು. ಏನೂ ಇಲ್ವಲ್ರೀ ಎಂದು ಅವರು ವಾಪಸ್ಸು ಹೋಗಿ ಹೊಲಿಗೆ ಯಂತ್ರದ ಮೋಟಾರು ತುಳಿದರು. ಮುಳ್ಳು ಎದ್ದಿತು. ಹಳೇ ಮೋಟಾರಿನ ಕಿಡಿ ಗೋಡೆಯಾಚೆಯಿಂದ ಸೆಟ್ಟಿಗೆ ತಾಗುತ್ತಿತ್ತು.

ನಾನು ನಾಚಿಕೆಯಿಂದ ಹೋಗಿ ಹೇಳಿದೆ. ಅವರು ತಲೆಯೆತ್ತದೆ ಅಂದರು: "ಇನ್ನು ಎರಡು ಬ್ಲೌಸು ಐತೆ ಕಣ್ರೀ. ಅಲ್ಲೀವರ್ಗೂ ನಿಮ್ಮ ಯಜಮಾನ್ರ ಕಷ್ಟ ಸುಖ ಕೇಳ್ತಾ ಇರಿ."

೩. ಮಧ್ಯಾಹ್ನದ ದನಿ

ಮಾರನೆಯ ದಿನ ಮಧ್ಯಾಹ್ನ ಟೈಲರಮ್ಮ ಊಟಕ್ಕೆ ಹೋಗುವುದನ್ನೇ ಕಾದು ಅಲೈನ್‌ಮೆಂಟಿಗೆ ಕೂತೆ. ಕಣ್ಣು ಮುಚ್ಚಿ, ಕಿವಿಯೊಂದನ್ನೇ ನಂಬಿ, ಕರಟದ ಕಡ್ಡಿಯಿಂದ ಒಂದೊಂದೇ ತಿರುಪನ್ನು ಮುಟ್ಟುತ್ತ ಹೋದೆ. ಸೊರ್ ಎಂಬ ಸದ್ದು ದಪ್ಪವಾಗುತ್ತ ಬಂತು. ಕೊನೆಯ ಕಾಯಿಲ್ಲು ಕೂತ ಕ್ಷಣ ಆ ಸದ್ದಿನ ಒಳಗಿಂದ ಒಬ್ಬ ಹೆಂಗಸು ನಕ್ಕಳು. ಬಲು ದೂರದಲ್ಲಿ, ಬಾವಿಯ ತಳದಲ್ಲಿ ನಿಂತು ನಕ್ಕ ಹಾಗೆ. ಆಮೇಲೆ ಯಾವುದೋ ಭಾಷೆಯಲ್ಲಿ ನಾಲ್ಕು ಮಾತಾಡಿ ಕರಗಿಹೋದಳು.

ಕಾರಣ ನನಗೆ ಗೊತ್ತಿತ್ತು. ಬಿಸಿಲು ಜೋರಿದ್ದಾಗ ಈ ರೇಡಿಯೊ ಅಲೆಗಳು ಆಕಾಶಕ್ಕೆ ತಗುಲಿ ಸಾವಿರಾರು ಮೈಲಿ ಆಚೆ ಬೀಳುತ್ತವೆ. ಹೊರದೇಶಗಳಲ್ಲಿ ಲಾರಿ ಓಡಿಸುವವರು ಇಂಥ ಸೆಟ್ಟಿನಲ್ಲೇ ಮಾತಾಡಿಕೊಳ್ಳುತ್ತಾರೆ. ಯಾವ ದೇಶದ ಯಾವ ಲಾರಿಯವಳೋ ಏನೋ. ಗೊತ್ತಿದ್ದರೂ ಮೈಮೇಲಿನ ರೋಮ ಇಳಿಯಲಿಲ್ಲ.

ತಿರುಗಿ ನೋಡಿದರೆ ಮಿಕ್ಸಿ ತೆಗೆದುಕೊಂಡು ಹೋಗಲು ಬಂದ ದಂಡಿನಶಿವರದ ತೋಟದವರೊಬ್ಬರು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದರು. ಅವರು ಕಂಡದ್ದಿಷ್ಟು: ಸೊಳ್ಳೆಗೆಂದು ಹಚ್ಚಿದ್ದ ಧೂಪ, ಟೀಗೆಂದು ಕೊಯ್ದಿಟ್ಟ ನಿಂಬೆಹಣ್ಣು, ಕಣ್ಣು ಮುಚ್ಚಿ ಕರಟದ ಕಡ್ಡಿ ಆಡಿಸುವ ನಾನು, ಡಬ್ಬದೊಳಗೆ ನಗುವ ಹೆಂಗಸು. ಮಿಕ್ಸಿ ಬಿಟ್ಟು ಹೊರಟೇ ಹೋದರು.

ಮರುದಿನ ಹೂವು, ಹಣ್ಣು, ಊದುಬತ್ತಿಯ ಜೊತೆ ಬಂದರು. ಕೈಮುಗಿದು, "ಸ್ವಾಮಿ, ನಮ್ಮಪ್ಪ ತೋಟದಾಗೆ ನೀರಿನ ಪೈಪಿನ ವಾಲ್ವು ಎಲ್ಲಿ ಹೂತವ್ರೆ ಅಂತ ಹೇಳ್ದಂಗೆ ಹೋಗ್ಬುಟ್ರು. ಏಳು ಕಡೆ ಅಗ್ದಿದೀವಿ. ಒಸಿ ಕೇಳಿ ಹೇಳಿ," ಎಂದರು. ಮೊನ್ನೆವರೆಗೂ ನನ್ನನ್ನು ಏಯ್ ಎನ್ನುತ್ತಿದ್ದವರು ಇವರು!

ನಾನು ಅವರನ್ನು ಕೂರಿಸಿ, ಅಲೆ ಎಂದರೇನು, ಅದು ಆಕಾಶಕ್ಕೆ ತಗುಲಿ ಹೇಗೆ ಹಿಂದಿರುಗುತ್ತದೆ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಎಲ್ಲ ಮುಗಿದ ಮೇಲೆ ಅಂದರು:

"ಸರಿ ಸ್ವಾಮಿ. ನಮ್ಮಪ್ಪ ಇರೋದೂ ಅದೇ ಆಕಾಶದಾಗೇ ಅಲ್ವಾ?"

೪. ಬಾಗಿಲು ಹಾಕಿದ ಕೋಣೆ

ಅಮಾವಾಸ್ಯೆಯ ದಿನ ಸೆಟ್ಟು, ಬ್ಯಾಟರಿ ಹೊತ್ತುಕೊಂಡು ಅಜ್ಜಿಯ ಮನೆಗೆ ಹೋದೆ. ಹಿತ್ತಲಿನ ಎರಡು ತೆಂಗಿನ ಮರಕ್ಕೆ ಏರಿಯಲ್ ತಂತಿ ಕಟ್ಟಿ ಒಳಗೆ ಎಳೆದುಕೊಂಡೆ. ಕೋಣೆಯಲ್ಲಿ ಕಳಶ, ಹೊಸ ಪಂಚೆ, ಬಾಳೆ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ಕಜ್ಜಾಯ, ಪಕ್ಕದಲ್ಲಿ ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಅಜ್ಜಿ ಸೆಟ್ಟನ್ನು ನಡುವೆ ಇಟ್ಟು ಗಾಜಿಗೆ ಕುಂಕುಮ ಹಚ್ಚಿದರು.

ನಾನು ರಿಪೇರಿ ಮಾಡಿದ್ದು ಕೇಳುವ ಭಾಗವನ್ನು ಮಾತ್ರ. ಮಾತಾಡುವ ಭಾಗಕ್ಕೆ ಬೇಕಾದ ಬಿಡಿಭಾಗ ಎಲ್ಲೂ ಸಿಕ್ಕಿರಲಿಲ್ಲ, ಮೈಕಿನಲ್ಲಿ ಹೇಳಿದ್ದು ಗೋಡೆ ಕೂಡ ದಾಟುತ್ತಿರಲಿಲ್ಲ. ಮಗನಿಗೆ ಇದನ್ನು ಹೇಳಿದ್ದೆ. ಅವನು ತಾಯಿಗೆ ಹೇಳಿರಲಿಲ್ಲ.

"ಮಾತಾಡ್ತಾರಾ?" ಎಂದು ಅಜ್ಜಿ ಕೇಳಿದರು. ಸೊರ್ ಎನ್ನುವುದು ಬಿಟ್ಟು ಏನೂ ಬರುತ್ತಿರಲಿಲ್ಲ. "ಸೆಟ್ಟು ಸರಿ ಐತೆ ಅಮ್ಮ. ಮಾತಾಡೋದು ನನ್ನ ಕೈಲಿಲ್ಲ," ಎಂದೆ.

ಹಿರಿಯರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂತೆವು. ಮಧ್ಯಾಹ್ನ ಮೂರು ಗಂಟೆ ಇರಬೇಕು. ಒಳಗಿಂದ ಸೊರ್ ಎಂಬ ಸದ್ದೊಂದೇ. ಅಷ್ಟರಲ್ಲಿ ಒಳಗೆ ಯಾರೋ ಕೆಮ್ಮಿದರು.

ಮುದುಕರ ಕೆಮ್ಮು. ಸೊಸೆ ಕಂಬ ಹಿಡಿದುಕೊಂಡಳು. ಮಗನ ಮುಖ ಬಿಳಿಚಿತು, "ಅಪ್ಪಂದೇ ಕೆಮ್ಮು," ಎಂದ. ಆಮೇಲೆ ಭಾರವಾದ ಗಂಡು ದನಿ, ನಿಧಾನವಾಗಿ, ನಡುನಡುವೆ ಮುಳುಗುತ್ತ ಮಾತಾಡತೊಡಗಿತು. ಒಂದು ಪದವೂ ಕನ್ನಡವಲ್ಲ. ಮಗ ಸುಧಾರಿಸಿಕೊಂಡ. "ಇದ್ಯಾವ್ದೋ ಬೇರೆ ಭಾಷೆ. ಅಪ್ಪ ಅಲ್ಲ ಬುಡಮ್ಮ."

"ಅಷ್ಟು ವರ್ಸ ಆ ಡಬ್ಬದಾಗೆ ಅವ್ರು ಮಾತಾಡಿದ್ದು ನಂಗೆ ಒಂದಿನಾನಾದ್ರೂ ಅರ್ಥ ಆಗಿತ್ತೇನ್ಲಾ?" ಎಂದರು ಅಜ್ಜಿ. "ಅವ್ರೇ."

ಎದ್ದು ಬಾಗಿಲು ತೆಗೆದು ನೇರ ಒಳಗೆ ಹೋಗಿ ಮೈಕು ಎತ್ತಿ ಗುಂಡಿ ಒತ್ತಿದರು. ಗುಂಡಿ ಒತ್ತಿದರೆ ಬರುವ ದನಿ ನಿಲ್ಲುವುದು ಆ ಸೆಟ್ಟಿನ ಗುಣ. ಆದರೂ ಆ ದನಿ ಥಟ್ಟನೆ ನಿಂತಾಗ ನಮಗೆಲ್ಲ ಅವರು ಬಾಯಿ ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದೇ ಅನ್ನಿಸಿತು.

"ರೀ, ನಾನು. ಡಬ್ಬಕ್ಕೆ ಹೊಡ್ದೋಳು ನಾನೇ ಕಣ್ರೀ. ಸೊಸೆ ಬೀಳಿಸ್ಲಿಲ್ಲ. ಕೋಪದಾಗೆ ಮುದ್ದೆ ಕೋಲಲ್ಲಿ ಹೊಡ್ದೆ. ನೀವು ಆ ಮೂರು ತಿಂಗ್ಳು ಇದರ ಮುಂದೆ ಸುಮ್ಕೆ ಕೂತಿರೋದು ನೋಡಿ ನೋಡಿ ನಂಗೆ ಸಾಯೋಂಗಾಗೋದು. ತಪ್ಪಾಯ್ತು."

ಮೈಕು ಕೆಲಸ ಮಾಡುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜಿ ಗುಂಡಿ ಬಿಟ್ಟರು. ಸೊರ್ ಎಂಬ ಸದ್ದು. ಎಷ್ಟೋ ಹೊತ್ತಾದ ಮೇಲೆ ಆ ದನಿ ಮೆತ್ತಗೆ ಎರಡೇ ಎರಡು ಮಾತು ಹೇಳಿ ಹೊರಟುಹೋಯಿತು. ಮುಳ್ಳು ಮಲಗಿತು. ನಾನು ಕಲಿತ ವಿದ್ಯೆಯನ್ನೆಲ್ಲ ನೆನೆಸಿಕೊಂಡೆ, ಆದರೂ ಹೊಸಿಲು ದಾಟಲಿಲ್ಲ.

"ಏನಂದ್ರಮ್ಮ?" ಎಂದು ಮಗ ಪಿಸುಗುಟ್ಟಿದ.

ಅಜ್ಜಿಯ ಮುಖ ಹಗುರಾಗಿತ್ತು. "ಗೊತ್ತಿತ್ತು ಬುಡು, ಅಂದ್ರು."

ಆಗ ಕಂಬದ ಹತ್ತಿರವಿದ್ದ ಸೊಸೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ಕೈ ಚಾಚಿದಳು. "ಕೊಡಿ ಅತ್ತೆ ಮೈಕು. ಆರು ವರ್ಷ ಬೈಸ್ಕೊಂಡೋಳು ನಾನು. ನಾನೂ ಮಾವನೋರ ಹತ್ರ ಒಂದೆರಡು ಮಾತಾಡ್ಬೇಕು."

ಅಜ್ಜಿ ಮೈಕನ್ನು ಸೆರಗಿನ ಒಳಗೆ ಅಡಗಿಸಿಕೊಂಡರು.

"ಈಗ ಬ್ಯಾಡ ಕಣೇ, ಅವ್ರು ಊಟ ಮಾಡ್ತಾವ್ರೆ. ಬಾ, ಇವತ್ತು ಮೊದ್ಲು ನಿಂಗೇ ಎಲೆ ಹಾಕ್ತೀನಿ."