ರೋಲ್‌ಮೊಪ್ಸ್ ಒಳಗಿನ ನಾಯಿ

ಕೇಳಿದ್ದು ಆರು ವರ್ಷದ ವೀಬ್ಕೆ. ಉತ್ತರ ಕೊಟ್ಟಿದ್ದು ವೋಲ್ಕ್‌ಮಾರ್ ಮಾಡಿದ ತಪ್ಪು.

ಬರ್ಲಿನ್ನಿನ ಮಾರುಕಟ್ಟೆಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಮೀನು ಮಾರಿ ಅವನ ಸೊಂಟ ಸೋತಿತ್ತು, ನಾಲಿಗೆಯೂ ಸೋತಿತ್ತು. ಮುಂದೆ ಒಂದು ಬಕೆಟ್ ರೋಲ್‌ಮೊಪ್ಸ್: ಹುಳಿನೀರಲ್ಲಿ ನೆನೆಸಿದ ಹೆರಿಂಗ್ ಮೀನನ್ನು ಸೌತೆಕಾಯಿಗೆ ಸುತ್ತಿ ಕಡ್ಡಿ ಚುಚ್ಚಿದ್ದು. ಸಂಜೆಯೊಳಗೆ ಅದು ಖಾಲಿಯಾಗದಿದ್ದರೆ ಈ ಮೂಲೆ ಕಾಫಿಯಂಗಡಿಗೆ ಎಂದು ಮೇಲ್ವಿಚಾರಕ ಕುರ್ಟ್ಸ್ ಬೆಳಿಗ್ಗೆಯೇ ಹೇಳಿಹೋಗಿದ್ದ. ಈಗ ಅಂಗಡಿ ಮುಚ್ಚಲು ಒಂದೇ ಗಂಟೆ ಉಳಿದಿತ್ತು.

"ಮಾಮ, ರೋಲ್‌ಮೊಪ್ಸ್ ಅಂದ್ರೇನು?"

"ರೋಲ್ ಅಂದ್ರೆ ಸುತ್ತೋದು. ಮೊಪ್ಸ್ ಅಂದ್ರೆ ಪಗ್ ನಾಯಿ ಕಣಮ್ಮ," ಎಂದ ಕತ್ತೆತ್ತದೆ. ಎತ್ತಿದ್ದರೆ ಅವಳ ಕಂಕುಳಲ್ಲಿದ್ದ ಪಗ್ ಮರಿ ಕಾಣುತ್ತಿತ್ತು.

"ಅಜ್ಜೀ! ನಾಯೀನ ಸುತ್ತಿಟ್ಟಿದ್ದಾರೆ!" ಹಡಗಿನ ಸೈರನ್ನಿನಂಥ ಆ ಕೂಗಿಗೆ ಇಡೀ ಮಾರುಕಟ್ಟೆ ತಿರುಗಿತು.

"ಮಗು ಹತ್ರ ಆಡೋ ಮಾತೇನ್ರೀ ಇದು?" ಎಂದಳು ಅಜ್ಜಿ.

"ನಾಯಿ ಥರ ದುಂಡಗಿದೆ ಅಂತ ಹಿಂದಿನೋರು ಹಂಗಂದ್ರಮ್ಮಾ. ಒಳಗೆ ನಾಯಿ ಇಲ್ಲ."

ಪಕ್ಕದ ಚೀಸ್ ಅಂಗಡಿಯ ಆನೆಗ್ರೆಟ್ ಸುಮ್ಮನಿರಲಿಲ್ಲ. "ಯಾರ್ರೀ ಹೇಳಿದ್ದು ನಾಯಿ ಅಂತ? ಗಿಡ್ಡಕ್ಕೆ ದಪ್ಪಕ್ಕೆ ಇರೋರನ್ನ ಮೊಪ್ಸ್ ಅಂತಿದ್ರು. ಕನ್ನಡಿ ನೋಡ್ಕೊಂಡಿಲ್ವಾ ನೀವು?"

"ಕಡ್ಡಿ ಇದೆಯಲ್ಲ, ಅದೇ ಬಾಲ," ಎಂದ ಆಲೂಗಡ್ಡೆಯವನು. ಜನ ಸೇರಿದರು. ಒಬ್ಬ ಮಹಾಶಯ ಫೋರ್ಕಿನಿಂದ ಒಂದನ್ನು ಬಿಚ್ಚಿ, ಕನ್ನಡಕ ಏರಿಸಿ, ನಾಯಿ ಹುಡುಕಿದ. ಕೊಂಡವರು ಮಾತ್ರ ಯಾರೂ ಇಲ್ಲ.

ಕುರ್ಟ್ಸ್ ಓಡಿಬಂದ. "ಏನ್ರೀ ಗಲಾಟೆ? ಮೊದ್ಲು ಆ ಹೆಸರು ಅಳಿಸಿ!"

ವೋಲ್ಕ್‌ಮಾರ್ ತೋಳಿನಿಂದಲೇ ಹಲಗೆ ಒರೆಸಿ 'ಸುರುಳಿ ಹೆರಿಂಗ್' ಎಂದು ಬರೆದ. ಮಗುವಿನ ಕ್ಷಮೆ ಕೇಳಿದ.

"ನಾಯಿಮರೀದೂ ಕೇಳಿ," ಎಂದಳು ಅಜ್ಜಿ.

ಅದನ್ನೂ ಕೇಳಿದ. ವೀಬ್ಕೆಗೆ ಒಂದು ಸುರುಳಿ ಪುಕ್ಕಟೆ ಕೊಟ್ಟ. ಅವಳು ಮೂಸಿ, ಕಚ್ಚಿ, "ಚೆನ್ನಾಗಿದೆ," ಎಂದಳು. ಗುಂಪು ಚದುರಿತು, ಕುರ್ಟ್ಸೂ ಹೊರಟ. ವೋಲ್ಕ್‌ಮಾರ್ ಉಸಿರು ಬಿಟ್ಟ.

ಆಗ ಒಬ್ಬ ದಢೂತಿ ಆಸಾಮಿ ಬಂದ. "ಪೂರ್ತಿ ಬಕೆಟ್ ಕೊಡ್ರೀ! ಇವತ್ತು ನಮ್ಮನೇಲಿ ಪಾರ್ಟಿ. ನಾಳೆ ಬೆಳಿಗ್ಗೆ ಗಂಡುಬೆಕ್ಕಿನ ತಿಂಡಿಗೆ ಇದಿಲ್ದೆ ಆಗಲ್ಲ!"

ಕುಡಿದ ಮರುಬೆಳಗಿನ ತಲೆನೋವನ್ನು 'ಗಂಡುಬೆಕ್ಕು' ಎನ್ನುತ್ತಾರೆ, ಅದಕ್ಕೆ ಹುಳಿಮೀನೇ ಮದ್ದು ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಆರು ವರ್ಷದವಳಿಗೆ ಗೊತ್ತಿರಲಿಲ್ಲ.

ವೀಬ್ಕೆ ಅಗಿಯುವುದನ್ನು ನಿಲ್ಲಿಸಿದಳು. "ಅಜ್ಜೀ... ಹಂಗಾದ್ರೆ ನಾನೀಗ ತಿಂದಿದ್ದು ಬೆಕ್ಕಾ?"

ಸೈರನ್ ಮತ್ತೆ ಮೊಳಗಿತು. "ಆಮೇಲೆ ಬರ್ತೀನಿ," ಎಂದು ದಢೂತಿ ಆಸಾಮಿ ಜಾರಿಕೊಂಡ. ಮಾರುಕಟ್ಟೆಯ ಬಾಗಿಲು ತಲುಪಿದ್ದ ಕುರ್ಟ್ಸ್ ತಿರುಗಿ ನಿಂತ.

ವೋಲ್ಕ್‌ಮಾರ್ ಖಾಲಿ ಪೆಟ್ಟಿಗೆಯ ಮೇಲೆ ಕುಸಿದ. ಆನೆಗ್ರೆಟ್ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು.

"ಆ ಬೆಕ್ಕು ಅನ್ನೋ ಮಾತು ಹೆಂಗೆ ಹುಟ್ಟಿದ್ದು ಅಂದ್ರೆ..." ಎಂದು ಶುರುಮಾಡಿದಳು.